ಬಿಸಿಲಲ್ಲೂ ಕಾಡಿಗೆ ಹರಡಬಾರದು ಅಂದ್ರೆ

ಅಕ್ಕಂದಿರೇ, ತಂಗಿಯರೇ, ಕಲಬುರಗಿಯಲ್ಲಿ ಮೇ ತಿಂಗಳ ಮದುವೆ ಅಂದ್ರೆ 42 ಡಿಗ್ರಿ ಬಿಸಿಲು ಮಾಮೂಲು. ಊಟದ ಹೊತ್ತಿಗೆ ಕಾಡಿಗೆ ಕೆಳಗಿಳಿದು ಕಣ್ಣ ಸುತ್ತ ಕಪ್ಪಾಗಿರುತ್ತದೆ, ಅಲ್ವಾ?

ಇದಕ್ಕೆ ಬೆವರು ಮಾತ್ರ ಕಾರಣವಲ್ಲ, ಚರ್ಮದ ಜಿಡ್ಡೂ ಕಾರಣ. ಮೊದಲು ಕಣ್ಣಿನ ಕೆಳಗೆ ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ. ಸಣ್ಣ ಬ್ರಷ್‌ನಿಂದ ಚೂರೇ ಚೂರು ಪೌಡರ್ ಹಚ್ಚಿ.

ಕನ್ನಡಿಯನ್ನು ಗದ್ದದ ಕೆಳಗೆ ಹಿಡಿದು ಕೆಳಗೆ ನೋಡಿ. ರೆಪ್ಪೆ ತಾನಾಗಿ ಬಿಗಿಯಾಗುತ್ತದೆ, ಎಳೆಯುವುದೇ ಬೇಡ. ಮೇಲಿನ ರೆಪ್ಪೆಗೂದಲುಗಳ ಬುಡದಲ್ಲಿ ವಾಟರ್‌ಪ್ರೂಫ್ ಪೆನ್ಸಿಲ್‌ನಿಂದ ಚುಕ್ಕಿ ಚುಕ್ಕಿ ಇಡಿ, ಹತ್ತಿಯ ಕಡ್ಡಿಯಿಂದ ಮೆಲ್ಲಗೆ ತಿಕ್ಕಿ. ಗೆರೆ ಎಳೆದ ಹಾಗೆ ಕಾಣುವುದಿಲ್ಲ, ರೆಪ್ಪೆಗೂದಲೇ ದಟ್ಟ ಇದ್ದಂತೆ ಕಾಣುತ್ತದೆ. ಹಗಲಿಗೆ ಕಪ್ಪಿಗಿಂತ ಕಂದು ಬಣ್ಣವೇ ಚಂದ ಅನ್ನೋದು ನನ್ನ ಅನುಭವ. ಕೆಳಗೆ ಹೊರಮೂಲೆಯಲ್ಲಿ ಮಾತ್ರ ಸ್ವಲ್ಪ ಸಾಕು.

ಮಸ್ಕಾರಾ ಮೇಲಿನ ರೆಪ್ಪೆಗೆ ಒಂದೇ ಸಲ. ಅದಕ್ಕೂ ಮುಂಚೆ ಬ್ರಷ್ಷನ್ನು ಟಿಶ್ಯೂಗೆ ಒರೆಸಿ, ಗಂಟು ಕಟ್ಟುವುದಿಲ್ಲ. ಮುಖಕ್ಕೆಲ್ಲ ಫೌಂಡೇಶನ್ ಬಳಿಯಬೇಡಿ. ಕಲೆ ಇದ್ದಲ್ಲಿ ಮಾತ್ರ ಕನ್ಸೀಲರ್ ಇಟ್ಟು ಉಂಗುರ ಬೆರಳಿಂದ ತಟ್ಟಿ.

ದಯವಿಟ್ಟು ಕಾಡಿಗೆ, ಮಸ್ಕಾರಾ ಒಬ್ಬರದ್ದು ಒಬ್ಬರು ಬಳಸಬೇಡಿ. ಮದುವೆ ಮನೆಯಲ್ಲಿ ಒಂದೇ ಪೆನ್ಸಿಲ್ ಎಲ್ಲರ ಕೈಗೆ ಹೋಗುತ್ತದೆ, ಕಣ್ಣಿನ ಸೋಂಕೂ ಜೊತೆಗೇ ಹೋಗುತ್ತದೆ. ತೆರೆದ ಮಸ್ಕಾರಾ 3 ತಿಂಗಳಾದ ಮೇಲೆ ಬಿಸಾಡಿ.

ರಾತ್ರಿ ಇದನ್ನೆಲ್ಲ ತೆಗೆಯಲು ಹತ್ತಿಯ ತುಂಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ. ಮುಚ್ಚಿದ ಕಣ್ಣಿನ ಮೇಲೆ ಹತ್ತು ಎಣಿಸುವವರೆಗೆ ಇಟ್ಟು, ಆಮೇಲೆ ಮೆತ್ತಗೆ ಒರೆಸಿ.