ಹೇಂಟೆಯಿಲ್ಲದ ಮರಿಗಳಿಗೆ ಕಾವು ಕೊಡುವ ಬಗೆ

ಕಾವಿಗೆ ಕೂತ ಹೇಂಟೆ ಮರಿ ಮಾಡಿ ಹಿತ್ತಲಿಗೆ ಇಳಿದ ಮೇಲೆ ಅರ್ಧ ಗಂಟೆ ಅದರ ಹತ್ತಿರ ಕೂತು ನೋಡಿದರೆ, ಈ ಬರಹದಲ್ಲಿ ಹೇಳಬೇಕಾದದ್ದರಲ್ಲಿ ಮುಕ್ಕಾಲು ಪಾಲು ಕಣ್ಣಿಗೇ ಕಾಣುತ್ತದೆ. ಮರಿಗಳು ಸ್ವಲ್ಪ ಹೊತ್ತು ಕೆದಕುತ್ತವೆ, ಓಡಾಡುತ್ತವೆ, ಮೈ ತಣ್ಣಗಾದೊಡನೆ ತಾಯಿಯ ರೆಕ್ಕೆಯೊಳಗೆ ನುಗ್ಗುತ್ತವೆ, ಬೆಚ್ಚಗಾದ ಮೇಲೆ ತಾವಾಗಿಯೇ ಮತ್ತೆ ಹೊರಗೆ ಬರುತ್ತವೆ. ಹೇಂಟೆ ಇಡೀ ಹಿತ್ತಲನ್ನು ಬಿಸಿ ಮಾಡುವುದಿಲ್ಲ. ತನ್ನ ಹೊಟ್ಟೆಯ ಕೆಳಗಿನ ಗೇಣಗಲದ ಜಾಗವನ್ನಷ್ಟೇ ಬೆಚ್ಚಗಿಟ್ಟು, ಬರುವುದು ಹೋಗುವುದನ್ನು ಮರಿಗಳಿಗೇ ಬಿಡುತ್ತದೆ. ಬ್ರೂಡರ್, ಎಂದರೆ ತಾಯಿಯಿಲ್ಲದ ಮರಿಗಳಿಗೆ ಕಾವು ಕೊಡುವ ಗೂಡು, ಕಟ್ಟುವಾಗ ನಾವು ಮಾಡಬೇಕಾದದ್ದೂ ಇಷ್ಟೇ: ಒಂದು ಕಡೆ ಸಾಕಷ್ಟು ಬಿಸಿ, ಇನ್ನೊಂದು ಕಡೆ ಸಾಕಷ್ಟು ತಂಪು, ನಡುವೆ ಮರಿ ನಡೆದುಹೋಗುವಷ್ಟು ಬಯಲು.

ಈ ಮಾತನ್ನು ನಾನು ಕಲಿತದ್ದು ನಷ್ಟದಿಂದ. ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿನ ನಮ್ಮ ಹಳ್ಳಿಗೆ ಮೊದಲ ಸಲ ಗಿರಿರಾಜ ತಳಿಯ 25 ಕೋಳಿ ಮರಿಗಳನ್ನು ತಂದದ್ದು ಮಾರ್ಚ್ ತಿಂಗಳಲ್ಲಿ. ರಾತ್ರಿ ಥಂಡಿ ಇದೆಯೆಂದು ಬಿದಿರಿನ ಮಂಕರಿಯೊಳಗೆ 100 ವ್ಯಾಟಿನ ಬಲ್ಬು ಇಳಿಬಿಟ್ಟು, ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆಯೂ ಅದನ್ನು ತೆಗೆಯದೆ ಹೊಲಕ್ಕೆ ಹೋಗಿಬಿಟ್ಟೆ. ಮಧ್ಯಾಹ್ನ ಬಂದು ಗೋಣಿ ಎತ್ತಿದಾಗ ಒಂಬತ್ತು ಮರಿಗಳು ಬುಟ್ಟಿಯ ಅಂಚಿಗೆ ಕೊಕ್ಕು ಚಾಚಿ, ರೆಕ್ಕೆ ಹರಡಿಕೊಂಡು ಸತ್ತಿದ್ದವು. ಉಳಿದವು ಬಾಯಿ ತೆರೆದು ಏದುತ್ತಿದ್ದವು. ಬಲ್ಬಿನಿಂದ ದೂರ ಹೋಗಲು ಅವು ಎಷ್ಟು ಒದ್ದಾಡಿದ್ದವೆಂಬುದು ಬುಟ್ಟಿಯ ಸುತ್ತ ಕೆದರಿದ ಹೊಟ್ಟು ನೋಡಿದರೇ ತಿಳಿಯುತ್ತಿತ್ತು. ಅಂದಿನಿಂದ ನಾನು ಮರಿಗಳನ್ನು ಮಂಕರಿಯೊಳಗೆ ಕೂಡಿಹಾಕಿ ಕಾವು ಕೊಟ್ಟಿಲ್ಲ.

ಆಗಷ್ಟೇ ಹುಟ್ಟಿದ ಮರಿಯ ಮೈಮೇಲಿರುವುದು ನವಿರಾದ ತುಪ್ಪುಳು. ಅದು ಒದ್ದೆಯಾದರೆ ಮೈಗೆ ಅಂಟಿಕೊಳ್ಳುತ್ತದೆ, ಒಣಗಿದ್ದರೂ ಗರಿಯಷ್ಟು ಕಾವನ್ನು ಹಿಡಿದಿಡುವುದಿಲ್ಲ. ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮರಿಗೆ ಬರಲು ಎರಡು ವಾರವಾದರೂ ಬೇಕು. ಆದ್ದರಿಂದ ಕೋಳಿ ಮರಿಗಳಿಗೆ ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕಾಗುತ್ತದೆ. ಅಲ್ಲಿಂದ ಮುಂದೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬಂದರೆ ನಾಲ್ಕನೆಯ ವಾರದ ಹೊತ್ತಿಗೆ 23–24 ಡಿಗ್ರಿಗೆ ಬಂದು ನಿಲ್ಲಬಹುದು. ಬಾತುಕೋಳಿ ಮರಿಗಳು ಸ್ವಲ್ಪ ದೊಡ್ಡವು, ಅವುಗಳ ತುಪ್ಪುಳೂ ದಟ್ಟ; ಅವಕ್ಕೆ 30–32 ಡಿಗ್ರಿಯಿಂದ ಆರಂಭಿಸಿದರೆ ಸಾಕು, ಇಳಿಸುವುದನ್ನೂ ತುಸು ಬೇಗ ಮಾಡಬಹುದು. ಥರ್ಮಾಮೀಟರನ್ನು ಗೋಡೆಗೆ ನೇತುಹಾಕಿದರೆ ಪ್ರಯೋಜನವಿಲ್ಲ. ಮರಿಯ ಬೆನ್ನಿನ ಮಟ್ಟಕ್ಕೆ, ಎಂದರೆ ಹೊಟ್ಟಿನಿಂದ ಎರಡು ಅಂಗುಲ ಮೇಲೆ, ಬಲ್ಬಿನ ನೇರ ಕೆಳಗಲ್ಲದೆ ಬೆಳಕಿನ ವೃತ್ತದ ಅಂಚಿನಲ್ಲಿ ಅದನ್ನು ಇಟ್ಟು ನೋಡಬೇಕು.

ಜಾಗವನ್ನು ಮರಿ ಬರುವ ಹಿಂದಿನ ದಿನವೇ ಸಿದ್ಧಮಾಡಬೇಕು. ಗೋಡೆಗೆ ಸುಣ್ಣ ಬಳಿದು ಒಣಗಿಸಿದ ಕೋಣೆಯಲ್ಲಿ ತಗಡನ್ನೋ ದಪ್ಪ ರಟ್ಟನ್ನೋ ಒಂದೂವರೆ ಅಡಿ ಎತ್ತರಕ್ಕೆ ದುಂಡಗೆ ಸುತ್ತಿ ನಿಲ್ಲಿಸಿ. 50 ಮರಿಗಳಿಗೆ ಐದಡಿ ವ್ಯಾಸದ ಸುತ್ತು ಮೊದಲ ದಿನಗಳಿಗೆ ಸಾಕಾಗುತ್ತದೆ, ಎರಡು ಮೂರು ದಿನಕ್ಕೊಮ್ಮೆ ಅದನ್ನು ಅಗಲಿಸುತ್ತಾ ಹೋಗಬೇಕು. ಮೂಲೆಗಳು ಇರಲೇಬಾರದು. ಚಳಿಯಾದರೂ ಹೆದರಿದರೂ ಮರಿಗಳು ಮೂಲೆಗೆ ಒತ್ತಿಕೊಂಡು ಒಂದರ ಮೇಲೊಂದು ಏರುತ್ತವೆ, ಅಡಿಯಲ್ಲಿ ಸಿಕ್ಕಿಕೊಂಡವು ಉಸಿರುಗಟ್ಟಿ ಸಾಯುತ್ತವೆ. ನಮ್ಮ ಕಡೆಯ ಹಳೆಯ ಮನೆಗಳ ಬಂಡೆಗಲ್ಲಿನ ನೆಲ ಬಿಸಿಯನ್ನು ಹೀರಿಬಿಡುವುದರಿಂದ ಮೊದಲು ಒಂದು ಪದರ ಒಣ ಗೋಣಿಚೀಲ ಹಾಸಿ, ಅದರ ಮೇಲೆ ಎರಡು ಅಂಗುಲ ಭತ್ತದ ಹೊಟ್ಟು ಹರಡುವುದು ಒಳ್ಳೆಯದು. ದಾವಣಗೆರೆ, ಹರಿಹರ, ಹೊನ್ನಾಳಿಯ ಕಡೆ ಅಕ್ಕಿ ಗಿರಣಿಗಳಿರುವುದರಿಂದ ಹೊಟ್ಟಿಗೆ ಬರವಿಲ್ಲ. ಮಂಡಕ್ಕಿ ಭಟ್ಟಿಗಳಿಗೆ ಹೋಗುವ ಅದೇ ಹೊಟ್ಟು ಇದು. ಮಳೆಯಲ್ಲಿ ನೆನೆದ ರಾಶಿಯಿಂದ ಮಾತ್ರ ತರಬೇಡಿ.

ಚಳ್ಳಕೆರೆಯ ಕಡೆಯವರು ಶೇಂಗಾ ಸಿಪ್ಪೆಯನ್ನು ಹಾಸುವುದುಂಟು. ಗರಿಗರಿಯಾಗಿ ಒಣಗಿದ್ದರೆ ಅದೂ ಆಗುತ್ತದೆ, ಆದರೆ ಅದರ ಮೇಲೆ ಬೂಷ್ಟು ಬಹಳ ಬೇಗ ಬರುತ್ತದೆ, ಬೂಷ್ಟಿನ ಧೂಳು ಮರಿಗಳ ಶ್ವಾಸಕೋಶಕ್ಕೆ ಹೋದರೆ ಉಳಿಸುವುದು ಕಷ್ಟ. ಬೂಷ್ಟು ಹಿಡಿದ ಶೇಂಗಾ ಹಿಂಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದೇ ಆ ಸಾವುಗಳ ಜಾಡು ಹಿಡಿದು. ಬಾತುಕೋಳಿ ಮರಿಗಳಿಗೆ ಈ ವಿಷ ಕೋಳಿ ಮರಿಗಳಿಗಿಂತ ಬಹಳ ಬೇಗ ತಾಗುತ್ತದೆ. ಎಣ್ಣೆ ಗಾಣಗಳ ಊರಿನಲ್ಲಿ ಹಿಂಡಿ ಅಗ್ಗವಾಗಿ ಸಿಗುತ್ತದೆಂದು ಹಳೆಯ, ಮುಗ್ಗು ವಾಸನೆಯ ಹಿಂಡಿಯನ್ನು ಮರಿಗಳ ಮುಂದೆ ಸುರಿಯಬಾರದು.

ಹೊಟ್ಟಿನ ಮೇಲೆ ಮೊದಲ ಎರಡು ಮೂರು ದಿನ ಕಾಗದ ಹಾಸುವುದು ವಾಡಿಕೆ. ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ತಿನ್ನುತ್ತವೆ. ಆದರೆ ನುಣುಪಾದ ಕಾಗದದ ಮೇಲೆ ಕಾಲು ಜಾರಿ, ಎರಡೂ ಕಾಲು ಪಕ್ಕಕ್ಕೆ ಅಗಲಿ, ಮರಿ ಮತ್ತೆ ನೆಟ್ಟಗೆ ನಿಲ್ಲಲಾರದಂತಾಗುತ್ತದೆ. ಕಾಗದದ ಬದಲು ಹಳೆಯ ಒರಟು ಬಟ್ಟೆಯನ್ನು ಹಾಸಿ ದಿನಕ್ಕೊಮ್ಮೆ ಬದಲಿಸುವುದು ನನಗೆ ಹಿಡಿಸಿದ ಉಪಾಯ.

ಈಗ ಬಿಸಿಯ ವಿಷಯ. ಎಲ್‌ಇಡಿ ಬಲ್ಬು ಮರಿಗಳಿಗೆ ಬೇಕಾದ ಕಾವು ಕೊಡುವುದಿಲ್ಲ. ಎಷ್ಟೋ ಮಂದಿ ಬೆಳಕನ್ನೇ ಕಾವೆಂದು ತಿಳಿದು ಮೋಸಹೋಗಿದ್ದಾರೆ. ಒಳಗೆ ತಂತಿ ಕೆಂಪಗೆ ಕಾಯುವ ಹಳೆಯ ಬಲ್ಬೇ ಬೇಕು, ಇಲ್ಲವೇ ಕೋಳಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಇನ್‌ಫ್ರಾರೆಡ್ ಬಲ್ಬು. ಚಳಿಗಾಲದಲ್ಲಿ ಮರಿಗೆ ಎರಡು ವ್ಯಾಟಿನಂತೆ, ಬೇಸಿಗೆಯಲ್ಲಿ ಒಂದು ವ್ಯಾಟಿನಂತೆ ಲೆಕ್ಕ ಹಾಕಿ ಆರಂಭಿಸಬಹುದು. 100 ಮರಿಗಳಿಗೆ 200 ವ್ಯಾಟಿನ ಒಂದು ಬಲ್ಬಿಗಿಂತ 100 ವ್ಯಾಟಿನ ಎರಡು ಬಲ್ಬು ಹಾಕುವುದು ಜಾಣತನ, ಏಕೆಂದರೆ ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನ ತನಕ ಮರಿಗಳನ್ನು ಉಳಿಸುತ್ತದೆ. 250 ವ್ಯಾಟಿನ ಇನ್‌ಫ್ರಾರೆಡ್ ಬಲ್ಬನ್ನು ನೆಲದಿಂದ ಒಂದೂವರೆ ಅಡಿಗಿಂತ ಕೆಳಗೆ ಇಳಿಸಬಾರದು. ಬಿಸಿ ಕಡಿಮೆ ಮಾಡಬೇಕೆನಿಸಿದಾಗಲೆಲ್ಲ ಇನ್ನಷ್ಟು ಮೇಲಕ್ಕೆ ಏರಿಸುತ್ತಾ ಹೋಗಬೇಕು. ಬಲ್ಬು ಯಾವುದೇ ಇರಲಿ, ಸುತ್ತಿನ ನಟ್ಟನಡುವೆ ತೂಗುಹಾಕಿದರೆ ಅಂಚಿನಲ್ಲಿ ತಂಪು ಜಾಗ ತಾನಾಗಿ ಉಳಿಯುತ್ತದೆ. ಸಣ್ಣ ಪೆಟ್ಟಿಗೆಯಲ್ಲಿ ಮಾಡುವುದಾದರೆ ಬಲ್ಬನ್ನು ಒಂದು ತುದಿಗೆ ಕಟ್ಟಿ, ಇನ್ನೊಂದು ತುದಿಯನ್ನು ತಂಪಾಗಿ ಬಿಡಿ.

ಬೆಂಕಿಯ ಭಯ ಇಲ್ಲಿ ನಿಜವಾದದ್ದು. ಕೆಳಗೆ ಹೊಟ್ಟು, ಪಕ್ಕದಲ್ಲಿ ಗೋಣಿ, ಮೇಲೆ ಕಾದ ಬಲ್ಬು! ಬಲ್ಬನ್ನು ಅದರ ವಯರಿನಲ್ಲೇ ನೇತುಹಾಕದೆ ಸರಪಳಿಗೋ ಕಟ್ಟುವ ತಂತಿಗೋ ಬಿಗಿದು, ಇನ್ನೊಂದು ತಂತಿಯನ್ನು ಆಸರೆಗೆ ಬೇರೆಯಾಗಿ ಕಟ್ಟಬೇಕು. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಪಿಂಗಾಣಿಯದೇ ಇರಲಿ. ಬಲ್ಬಿನ ಸುತ್ತ ಜಾಲರಿಯ ಬುಟ್ಟಿಯಿದ್ದರೆ ಇನ್ನೂ ಕ್ಷೇಮ. ಒಡೆಯದ ಬಲ್ಬು ಎಂದು ಟೆಫ್ಲಾನ್ ಲೇಪನವಿರುವುದನ್ನು ಕೊಟ್ಟರೆ ತರಬೇಡಿ. ಕಾದಾಗ ಅದರಿಂದ ಬರುವ ಹೊಗೆ ನಮಗೆ ಗೊತ್ತಾಗದಷ್ಟಿದ್ದರೂ ಹಕ್ಕಿಗಳನ್ನು ಕೊಲ್ಲುತ್ತದೆ.

ಇಷ್ಟೆಲ್ಲ ಅಳತೆ ಹೇಳಿದರೂ ಕೊನೆಯ ತೀರ್ಪು ಮರಿಗಳದೇ. ದೀಪದ ಕೆಳಗೆ ಗುಂಪಾಗಿ ಒತ್ತಿಕೊಂಡು, ಗಟ್ಟಿಯಾಗಿ ಎಡೆಬಿಡದೆ ಕೂಗುತ್ತಿದ್ದರೆ ಚಳಿಯಾಗಿದೆ. ಬಲ್ಬಿಗೆ ಬೆನ್ನು ಹಾಕಿ ಅಂಚಿಗೆ ಸರಿದು, ಬಾಯಿ ತೆರೆದು, ರೆಕ್ಕೆ ಜೋತುಬಿಟ್ಟಿದ್ದರೆ ಬಿಸಿ ಹೆಚ್ಚಾಗಿದೆ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿಕೊಂಡಿದ್ದರೆ ಎದುರು ದಿಕ್ಕಿನಿಂದ ಗಾಳಿ ನುಗ್ಗುತ್ತಿದೆ ಎಂದರ್ಥ; ಗಾಳಿಯಂತ್ರಗಳು ನಿಂತಿರುವ ನಮ್ಮ ದುರ್ಗದ ಗುಡ್ಡಗಳ ಸುತ್ತ ಆಷಾಢದಲ್ಲಿ ಈ ತೊಂದರೆ ಹೆಚ್ಚು. ಅಲ್ಲಲ್ಲಿ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಕತ್ತು ಚಾಚಿ ಮಲಗಿ, ಮೆಲ್ಲಗೆ ಚಿಲಿಪಿಲಿ ಎನ್ನುತ್ತಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ಮುಟ್ಟಲು ಹೋಗಬೇಡಿ. ಇನ್ನೊಂದು ಪರೀಕ್ಷೆಯಿದೆ. ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿ ಅದರ ಪಾದಗಳನ್ನು ನಿಮ್ಮ ಕೆನ್ನೆಗೆ ತಾಗಿಸಿ. ಬೆಚ್ಚಗಿದ್ದರೆ ಸರಿ, ತಣ್ಣಗಿದ್ದರೆ ಹೊಟ್ಟು ಇನ್ನೂ ಕಾದಿಲ್ಲ. ಗಾಳಿಯನ್ನು ಬಿಸಿ ಮಾಡಿದರೂ ನೆಲ ತಣ್ಣಗಿದ್ದರೆ ಮರಿ ಕಾಲಿನಿಂದಲೇ ಕಾವನ್ನು ಕಳೆದುಕೊಳ್ಳುತ್ತದೆ, ಆದ್ದರಿಂದಲೇ ಬಲ್ಬನ್ನು ಹಿಂದಿನ ದಿನವೇ ಹಚ್ಚಿಡಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 36 ಡಿಗ್ರಿ ಮುಟ್ಟುವಾಗ ಹಗಲು ಬಲ್ಬು ಬೇಕಿಲ್ಲ, ನಸುಕಿನ ಹೊತ್ತಿಗೆ ಮಾತ್ರ ಬೇಕಾಗುತ್ತದೆ. ಪುಷ್ಯ ಮಾಸದ ಥಂಡಿಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಆಗಲೂ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಬಡಿದು ಕೋಣೆಯನ್ನು ಮುಚ್ಚಿಬಿಡಬಾರದು. ಕೆಳಗಿನ ಗಾಳಿಯನ್ನು ತಡೆದು, ಮೇಲೆ ಒಂದು ಮೊಳ ತೆರೆದಿಡಿ. ಬೆಳಿಗ್ಗೆ ಬಗ್ಗಿ ಮರಿಗಳ ಮಟ್ಟಕ್ಕೆ ಮೂಗು ತಂದಾಗ ಹಿಕ್ಕೆಯ ಘಾಟು ಬಡಿದರೆ ಒದ್ದೆ ಹೊಟ್ಟನ್ನು ಆ ಕ್ಷಣವೇ ತೆಗೆಯಬೇಕು.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ಹಿಂದೆ ಬಾಂಡಲಿಯಲ್ಲಿ ಕೆಂಡ ತಂದಿಡುತ್ತಿದ್ದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮರಿಗಳನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಅದು ಬಿಡುವುದಿಲ್ಲ. ಅದರ ಬದಲು ಬಿಂದಿಗೆಗೆ ಬಿಸಿನೀರು ತುಂಬಿ, ಬಾಯಿ ಭದ್ರವಾಗಿ ಮುಚ್ಚಿ, ದಪ್ಪ ಬಟ್ಟೆ ಸುತ್ತಿ ಸುತ್ತಿನ ನಡುವೆ ಇಡಿ. ಬಲ್ಬನ್ನು ಪಕ್ಕಕ್ಕೆ ಸರಿಸಿ, ಮೇಲೆ ಒಂದು ಕಂಬಳಿಯನ್ನು ಗಾಳಿಯಾಡಲು ಗೇಣಷ್ಟು ಸಂದಿ ಬಿಟ್ಟು ಹೊದಿಸಿದರೆ ಎರಡು ಮೂರು ಗಂಟೆ ಕಾವು ನಿಲ್ಲುತ್ತದೆ. ಕರೆಂಟು ಬಂದೊಡನೆ ಮೊದಲು ಕಂಬಳಿ ತೆಗೆಯಬೇಕು, ಆಮೇಲೆ ಬಲ್ಬು ಹಚ್ಚಬೇಕು. ಈ ಕ್ರಮ ತಪ್ಪಬಾರದೆಂದು, ಕರೆಂಟು ಹೋಗಿ ಕಂಬಳಿ ಹೊದಿಸಿದ ರಾತ್ರಿ ಮಲಗುವಾಗ ಸ್ವಿಚ್ಚನ್ನು ಆರಿಸಿಯೇ ಇಡುತ್ತೇನೆ, ಎರಡು ಗಂಟೆಗೊಮ್ಮೆ ಎದ್ದು ನೋಡುತ್ತೇನೆ.

ಪೇಟೆಯಿಂದ ತಂದ ಮರಿಗಳನ್ನು ಬಿಡುವಾಗ ಮೊದಲು ನೀರು, ಆಮೇಲೆ ಆಹಾರ. ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆ ಎರಡು ದಿನಕ್ಕೂ ಹೆಚ್ಚು ಕಾಲ ಅವುಗಳನ್ನು ಪೋಷಿಸುತ್ತದೆ, ಬಾಯಾರಿಕೆ ಮಾತ್ರ ಕಾಯುವುದಿಲ್ಲ. ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರಿಗೆ ಲೀಟರಿಗೆ 80 ಗ್ರಾಮಿನಂತೆ ಬೆಲ್ಲ ಕರಗಿಸಿ, ಪ್ರತಿ ಮರಿಯ ಕೊಕ್ಕನ್ನು ಒಮ್ಮೆ ಅದ್ದಿ ಬಿಡಿ. ಅರ್ಧ ದಿನದ ಮೇಲೆ ಬರಿಯ ನೀರು ಸಾಕು. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಬಿದ್ದು ಮುಳುಗುವುದಿಲ್ಲ. ಚಳಿಯೋ ಸೆಕೆಯೋ ತಾಗಿದ ಮರಿಗಳ ಹಿಂಭಾಗಕ್ಕೆ ಹಿಕ್ಕೆ ಅಂಟಿ ಒಣಗಿ ದಾರಿ ಮುಚ್ಚಿಹೋಗುತ್ತದೆ. ಅದನ್ನು ಕಿತ್ತರೆ ಚರ್ಮವೇ ಬರುತ್ತದೆ. ಬೆಚ್ಚನೆಯ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಮೆತ್ತಗಾಗಿಸಿ ಒರೆಸಿ, ಒಣಗಿಸಿಯೇ ಒಳಗೆ ಬಿಡಬೇಕು.

ಬಾತುಕೋಳಿ ಮರಿಗಳನ್ನು ಕೋಳಿ ಮರಿಗಳ ಜೊತೆ ಒಂದೇ ಸುತ್ತಿನಲ್ಲಿ ಸಾಕಬೇಡಿ ಎಂದೇ ನಾನು ಹೇಳುವುದು. ಅವು ನೀರಿನೊಡನೆ ಆಡದೆ ಇರಲಾರವು, ಒಂದೇ ಹಗಲಿನಲ್ಲಿ ಹೊಟ್ಟನ್ನೆಲ್ಲ ಕೆಸರು ಮಾಡುತ್ತವೆ, ಆ ತೇವದಲ್ಲಿ ಕೋಳಿ ಮರಿಗಳಿಗೆ ಚಳಿ ಹಿಡಿಯುತ್ತದೆ. ಬಾತುಗಳ ನೀರಿನ ಪಾತ್ರೆಯನ್ನು ಜಾಲರಿ ಹೊದಿಸಿದ ತಟ್ಟೆಯ ಮೇಲೆ, ಬಿಸಿಯಿಂದ ದೂರದ ತುದಿಯಲ್ಲಿ ಇಡಿ. ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಬೇಕು, ಮೈ ಮುಳುಗುವಷ್ಟು ಬೇಡ. ಬಾತು ಎಂದ ಮೇಲೆ ಈಜಲಿ ಎಂದು ಮೊದಲ ವಾರವೇ ತೊಟ್ಟಿಗೆ ಬಿಡುವುದು ದೊಡ್ಡ ತಪ್ಪು: ತಾಯಿಯ ಮೈಯ ಎಣ್ಣೆ ಸಿಗದ ಮರಿಯ ತುಪ್ಪುಳು ನೀರು ಹೀರಿ, ಮರಿ ನಡುಗಿ ಸಾಯುತ್ತದೆ. ಆಹಾರದ ಪಕ್ಕದಲ್ಲಿ ಸದಾ ನೀರಿರಲಿ, ಒಣ ಹಿಟ್ಟು ಅವುಗಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವಕ್ಕೆ ನಯಾಸಿನ್ ಎಂಬ ಜೀವಸತ್ವ ಕೋಳಿ ಮರಿಗಳಿಗಿಂತ ಹೆಚ್ಚು ಬೇಕು, ಕೊರತೆಯಾದರೆ ಕಾಲು ಸೊಟ್ಟಗಾಗುತ್ತದೆ. ಆಹಾರದಲ್ಲಿ ಸ್ವಲ್ಪ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯಲ್ಲಿ ಬಳಸುವ ಹುದುಗು) ಬೆರೆಸುವುದು ಇದಕ್ಕೆ ಪರಿಹಾರ. ಔಷಧಿ ಬೆರೆಸಿದ ಕೋಳಿ ಮರಿಗಳ ಆಹಾರವನ್ನು ಪಶುವೈದ್ಯರನ್ನು ಕೇಳದೆ ಬಾತುಗಳಿಗೆ ಹಾಕಬೇಡಿ. ಲಸಿಕೆಯ ದಿನಗಳನ್ನೂ ಅವರಿಂದಲೇ ಬರೆಸಿಕೊಳ್ಳಿ.

ರಾತ್ರಿಯ ಕಳ್ಳರನ್ನು ಮರೆಯುವಂತಿಲ್ಲ. ಇಲಿ ಒಂದೊಂದೇ ಮರಿಯನ್ನು ಬಿಲಕ್ಕೆ ಎಳೆದೊಯ್ಯುತ್ತದೆ. ಸುತ್ತಿನ ಮೇಲೆ ಅರ್ಧ ಅಂಗುಲದ ಕಣ್ಣಿನ ಜಾಲರಿ ಮುಚ್ಚಿದರೆ ಬೆಕ್ಕು, ಮುಂಗುಸಿಗಳಿಂದಲೂ ರಕ್ಷಣೆ. ಮರಿಗಳನ್ನು ಮುಟ್ಟಿದ ಮೇಲೆ ಮಕ್ಕಳ ಕೈಯನ್ನು ಸಾಬೂನಿನಿಂದ ತೊಳೆಸಬೇಕು.

ನಾಲ್ಕನೆಯ ವಾರಕ್ಕೆ ರೆಕ್ಕೆ, ಬೆನ್ನಿನ ಮೇಲೆ ಗರಿ ತುಂಬಿರುತ್ತದೆ. ಮೊದಲು ಹಗಲಿನ ಕಾವನ್ನು ನಿಲ್ಲಿಸಿ, ಮೂರು ನಾಲ್ಕು ದಿನ ನೋಡಿ, ಆಮೇಲೆ ರಾತ್ರಿಯದನ್ನೂ ನಿಲ್ಲಿಸಿ. ಥಂಡಿಯ ದಿನಗಳಾದರೆ ಐದು ಆರು ವಾರ ಕಾಯಿರಿ. ಬಾತುಗಳನ್ನು ಮೂರು ನಾಲ್ಕು ವಾರಕ್ಕೆ ಬಿಸಿಲಿನ ಹೊತ್ತಿನಲ್ಲಿ ತುಸು ಹೊತ್ತು ನೀರಿಗೆ ಬಿಟ್ಟು, ಒಣಗಿದ ಮೇಲೆಯೇ ಒಳಗೆ ಸೇರಿಸಬಹುದು. ಬಲ್ಬನ್ನು ಮಾತ್ರ ಇನ್ನೊಂದು ವಾರ ಅದೇ ಜಾಗದಲ್ಲಿ ತೂಗಲು ಬಿಡಿ, ಏಕೆಂದರೆ ಏಪ್ರಿಲಿನಲ್ಲಿ ಸಂಜೆ ಆಲಿಕಲ್ಲು ಮಳೆ ಸುರಿದ ರಾತ್ರಿ ಐದು ವಾರದ ಮರಿಗಳೂ ಅದರ ಕೆಳಗೆ ಬಂದು ಕೂರುತ್ತವೆ.