ತಮಾಷೆ ಐಡಿ ಕಾರ್ಡ್ ಕೈಗಿಟ್ಟಾಗ

ಮನೆಯಲ್ಲೇ ತಮಾಷೆ ಐಡಿ ಕಾರ್ಡ್ ಮಾಡಿ ಹತ್ತಿರದವರಿಗೆ ಕೊಡುವುದು ನನಗೆ ತುಂಬಾ ಇಷ್ಟ. ಕೈಗಿಟ್ಟ ತಕ್ಷಣ ಎಲ್ಲರೂ ಮೊದಲು ಫೋಟೋ ನೋಡುತ್ತಾರೆ. ಆಮೇಲೆ ಹಿಂದೆ ತಿರುಗಿಸುತ್ತಾರೆ. ಓದುವುದು ಕೊನೆಗೆ. ಅದಕ್ಕೇ ನಾನು ಹಿಂಬದಿಯನ್ನು ಖಾಲಿ ಬಿಡುವುದಿಲ್ಲ.

ಅಳತೆ ಮುಖ್ಯ. ಬ್ಯಾಂಕ್ ಕಾರ್ಡ್ 85.60 ಮಿ.ಮೀ. ಉದ್ದ, 53.98 ಮಿ.ಮೀ. ಅಗಲ ಇರುತ್ತದೆ. ನಾನು ಕಾಗದವನ್ನು ನಾಲ್ಕೂ ಕಡೆ 2 ಮಿ.ಮೀ. ಕಡಿಮೆ ಇಟ್ಟು ಕತ್ತರಿಸುತ್ತೇನೆ. ಲ್ಯಾಮಿನೇಷನ್ ಅಂಚು ಸೇರಿದಾಗ ಅಳತೆ ಸರಿಹೋಗಿ ಪರ್ಸಿನಲ್ಲಿ ಸಲೀಸಾಗಿ ಕೂರುತ್ತದೆ. ಲ್ಯಾಮಿನೇಷನ್ ಹಾಳೆಯನ್ನು ಕಾಗದದ ಅಂಚಿಗೇ ಕತ್ತರಿಸಿದರೆ ಪದರ ಬಿಟ್ಟುಕೊಳ್ಳುತ್ತದೆ. ಇಂಕ್‌ಜೆಟ್ ಪ್ರಿಂಟ್ ಆದರೆ ಲ್ಯಾಮಿನೇಷನ್‌ಗೆ ಮೊದಲು ಶಾಯಿ ಪೂರ್ತಿ ಒಣಗಲಿ.

ಆದರೆ ಕಾರ್ಡಿನ ಜೀವ ಇರುವುದು ‘ಹುದ್ದೆ’ಯಲ್ಲಿ. ‘ಸೋಮಾರಿಗಳ ರಾಜ’ ಅಂತ ಯಾರಿಗೆ ಬೇಕಾದರೂ ಬರೆಯಬಹುದು, ಅಲ್ವಾ? ಅದನ್ನು ನೋಡಿ ಸುಮ್ನೆ ನಕ್ಕು ಟೇಬಲ್ ಮೇಲೇ ಬಿಟ್ಟು ಹೋಗುತ್ತಾರೆ. ಅಕ್ಕನ ಮಗಳಿಗೆ ‘ಅಜ್ಜಿಯ ಕನ್ನಡಕ ಹುಡುಕುವ ಮುಖ್ಯ ಅಧಿಕಾರಿ’ ಅಂತ ಮಾಡಿಕೊಟ್ಟೆ. ಅವಧಿ: ಕನ್ನಡಕ ಮತ್ತೆ ಕಳೆಯುವವರೆಗೆ. ಹಿಂಬದಿಯಲ್ಲಿ ಅಧಿಕಾರಗಳು: ಯಾರ ದಿಂಬನ್ನಾದರೂ ಎತ್ತಿ ನೋಡಬಹುದು. ಅವಳು ಕೊರಳಿಗೆ ಹಾಕಿಕೊಂಡು, ತಾತನನ್ನು ಎಬ್ಬಿಸಿ, ಕಾರ್ಡ್ ತೋರಿಸಿಯೇ ದಿಂಬು ಎತ್ತಿದಳು. ತಾತನೂ ಕಾರ್ಡನ್ನು ಪೂರ್ತಿ ಓದಿ, ‘ಸರಿ, ನೋಡಿಕೊಳ್ಳಿ ಮೇಡಂ’ ಅಂದರು.

ಆಫೀಸಿನ ಗೆಳೆಯನಿಗೆ ‘ಪ್ರಿಂಟರ್ ವೈದ್ಯ’ ಅಂತ ಕೊಟ್ಟಾಗ ಅವನು ನಗಲಿಲ್ಲ. ‘ನಾನು ಪೇಪರ್ ಬಿಡಿಸೋದನ್ನ ಯಾರೂ ನೋಡಿರಲ್ಲ ಅಂದ್ಕೊಂಡಿದ್ದೆ’ ಅಂದು ಪರ್ಸಿಗೆ ಸೇರಿಸಿದ. ಹಾಗಾಗಿ ಮೈಬಣ್ಣ, ತೂಕ, ಬೋಳುತಲೆ ನನ್ನ ಕಾರ್ಡುಗಳಲ್ಲಿ ಬರುವುದೇ ಇಲ್ಲ. ಅವರು ಮಾಡುವ ಕೆಲಸವಷ್ಟೇ ಬರುತ್ತದೆ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಸರ್ಕಾರಿ ಲಾಂಛನ, ಪೊಲೀಸ್, ಪತ್ರಕರ್ತ, ನಿಜವಾದ ಸಂಸ್ಥೆಯ ಹೆಸರು, ಹುಟ್ಟಿದ ದಿನಾಂಕ ಯಾವುದೂ ಬೇಡ. ಫೋಟೋ, ಟ್ಯಾಗ್ ಕಂಡರೆ ಸಾಕು, ಜನ ಓದದೆಯೇ ನಂಬಿಬಿಡುತ್ತಾರೆ. ಅದಕ್ಕೇ ಗಾಢ ಹಳದಿ ಅಥವಾ ಗುಲಾಬಿ ಬಣ್ಣ ಬಳಸುತ್ತೇನೆ. ‘ತಮಾಷೆಗೆ ಮಾತ್ರ’ ಅನ್ನೋದು ಫೋಟೋದ ಕೆಳಗೇ ದಪ್ಪ ಅಕ್ಷರದಲ್ಲಿ ಇರುತ್ತದೆ. ಇದರಿಂದ ಮಜಾ ಸ್ವಲ್ಪವೂ ಕಡಿಮೆ ಆಗಿಲ್ಲ.

ಒಬ್ಬರಿಗೆ ಕೊಟ್ಟರೆ ಪಕ್ಕದವರು ‘ನಂದೆಲ್ಲಿ?’ ಅಂತ ಕೇಳಿಯೇ ಕೇಳುತ್ತಾರೆ. ಆಗ ನಾನು ಅವರನ್ನು ಬಿಟ್ಟು ಅವರ ಮನೆಯವರನ್ನು ವಿಚಾರಿಸುತ್ತೇನೆ. ಒಳ್ಳೆಯ ಹುದ್ದೆಗಳೆಲ್ಲ ಸಿಗುವುದು ಅಲ್ಲೇ.