ಫ್ಲ್ಯಾಟಿನ ಕೀಲಿ ಸಿಕ್ಕಿತು, ಪಂಪ್‌ಹೌಸಿನ ಕೀಲಿ ಯಾರ ಬಳಿ?

ಜುಲೈನಲ್ಲಿ ತಾರಸಿ ಸೋರಿದ ಮೇಲೆ ಸಭೆ ಕರೆಯುವುದು ಕೊಡಗಿನ ಅಪಾರ್ಟ್‌ಮೆಂಟುಗಳ ಹಳೆಯ ಚಾಳಿ. ಆಗ ಮಾಡಲು ಏನೂ ಉಳಿದಿರುವುದಿಲ್ಲ. ಒದ್ದೆ ಕಾಂಕ್ರೀಟಿಗೆ ವಾಟರ್‌ಪ್ರೂಫಿಂಗ್ ಹಿಡಿಯುವುದಿಲ್ಲ, ಕೆಲಸದವರೂ ಸಿಗುವುದಿಲ್ಲ. ಟಾರ್ಪಾಲು ಹೊದಿಸಿ ಬಿಲ್ಡರನ್ನು ಬೈದುಕೊಂಡು ಕೂರಬೇಕು, ಅಷ್ಟೆ. ಮಡಿಕೇರಿಯಿರಲಿ, ವಿರಾಜಪೇಟೆಯಿರಲಿ, ಕಟ್ಟಡದ ಉಸ್ತುವಾರಿ ನಿವಾಸಿಗಳ ಕೈಗೆ ಬರುವ ಕೆಲಸ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿಗೆ ಶುರುವಾಗಿ ಮೇ ಕೊನೆಯೊಳಗೆ ಮುಗಿಯಬೇಕು.

ಹುತ್ತರಿ ಎನ್ನಲು ಕಾರಣವಿದೆ. ಇಲ್ಲಿನ ಫ್ಲ್ಯಾಟುಗಳಲ್ಲಿ ಎಷ್ಟೋ ಮಾಲೀಕರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ. ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಮತವನ್ನು ಖುದ್ದಾಗಿ ಬಂದೇ ಹಾಕಬೇಕಾಗಿದ್ದರೆ, ಅವರಿಲ್ಲದೆ ಕೋರಂ ಆಗದು. ಹಬ್ಬಕ್ಕೆ ಊರಿಗೆ ಬಂದಾಗಲೇ ಸರ್ವಸದಸ್ಯರ ಸಭೆ ಇಟ್ಟುಕೊಳ್ಳಿ.

ಮೊದಲು ಸಂಘ

ಮನೆ ಮಾರಾಟವಾದ ಮಾತ್ರಕ್ಕೆ ಸಂಘ ತಾನಾಗಿ ಹುಟ್ಟುವುದಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ, ಅರ್ಧಕ್ಕಿಂತ ಹೆಚ್ಚು ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಬಿಲ್ಡರ್ ಅನುವು ಮಾಡಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದಲ್ಲಿ ಕಟ್ಟಿದ, ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿಲ್ಲದ ಯೋಜನೆಗೆ ರೇರಾ ನೋಂದಣಿಯ ಕಡ್ಡಾಯವಿಲ್ಲ. ಸಣ್ಣ ಊರುಗಳ ಹಲವು ಕಟ್ಟಡಗಳು ಇದೇ ಗುಂಪಿಗೆ ಬೀಳುತ್ತವೆ. ಅಂಥವರಿಗೂ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ನಾಲ್ಕು ವಾಸದ ಫ್ಲ್ಯಾಟುಗಳಿದ್ದರೆ ಸಾಕು.

ಈ ಕಾಯ್ದೆಯ ಜೀವಾಳ ಘೋಷಣಾ ಪತ್ರ, ಅಂದರೆ ಡೀಡ್ ಆಫ್ ಡಿಕ್ಲರೇಷನ್. ಬೈಲಾ ಲಗತ್ತಿಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಇದನ್ನು ನೋಂದಾಯಿಸಬೇಕು. ಪ್ರತಿ ಫ್ಲ್ಯಾಟಿಗೆ ಜಾಗ ಮತ್ತು ಸಾಮಾನ್ಯ ಭಾಗಗಳಲ್ಲಿ ಎಷ್ಟು ಶೇಕಡಾ ಅವಿಭಜಿತ ಪಾಲು ಎಂಬುದು ಇದರಲ್ಲಿರುತ್ತದೆ, ಸಾಮಾನ್ಯ ಖರ್ಚು ಹಂಚುವುದೂ ಆ ಲೆಕ್ಕದಲ್ಲೇ. ಸಹಿ ಹಾಕುವ ಮುನ್ನ ಸಾಲು ಸಾಲೂ ಓದಿ. ತಾರಸಿ ಎಲ್ಲರಿಗೂ ಸೇರಿದ್ದು, ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಅಲ್ಲ. ‘ತಾರಸಿಯ ಹಕ್ಕು ಬಿಲ್ಡರಿಗೆ’, ‘ನಿರ್ವಹಣೆ ಬಿಲ್ಡರ್ ಸೂಚಿಸಿದವರಿಗೆ’ ಎಂಬ ಒಂದು ಸಾಲು ನುಸುಳಿದರೆ ಮುಂದೆ ಮೊಬೈಲ್ ಟವರಿನ ಬಾಡಿಗೆಯೂ ನಿಮ್ಮದಲ್ಲ, ಸೋರಿಕೆ ಮಾತ್ರ ನಿಮ್ಮದು.

ಕಾಗದ, ಕೀಲಿ, ಖಾತೆ

ವಾಸಯೋಗ್ಯ ಪ್ರಮಾಣಪತ್ರ (ಒಸಿ) ಬಂದ ಮೇಲೆ ದಾಖಲೆ, ನಕ್ಷೆಗಳನ್ನು ಒಪ್ಪಿಸುವುದು ರೇರಾ ಪ್ರಕಾರ ಬಿಲ್ಡರ್ ಹೊಣೆ. ಕೇಳಿ ಪಡೆಯಬೇಕಾದವು: ಮಂಜೂರಾದ ನಕ್ಷೆ, ಒಸಿ, ಭೂಪರಿವರ್ತನೆ ಆದೇಶ, ಸ್ಟ್ರಕ್ಚರಲ್ ನಕ್ಷೆ, ನೀರು-ಚರಂಡಿ-ವಿದ್ಯುತ್ ಮಾರ್ಗಗಳ ನಕ್ಷೆ, ಸೆಸ್ಕ್ (ವಿದ್ಯುತ್ ಕಂಪನಿ) ಠೇವಣಿ ರಸೀದಿ, ಲಿಫ್ಟ್ ಪರವಾನಗಿ, ಜನರೇಟರ್ ಮತ್ತು ಪಂಪುಗಳ ವಾರಂಟಿ, ಬೋರ್‌ವೆಲ್ಲಿನ ಆಳ, ಮೋಟರ್ ಇಳಿಸಿದ ಮಟ್ಟ. ಮೂಲದಲ್ಲಿ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗವಾಗಿದ್ದರೆ ಕುಟುಂಬದ ಹಕ್ಕುದಾರರ ಒಪ್ಪಿಗೆಯ ದಾಖಲೆಯನ್ನೂ ಬಿಡಬೇಡಿ. ಪೈಪು ಎಲ್ಲಿ ಹೋಗಿದೆಯೆಂಬ ನಕ್ಷೆ ಇಲ್ಲದಿದ್ದರೆ ಒಂದು ಸೋರಿಕೆಗೆ ಮೂರು ಬಾತ್‌ರೂಮಿನ ಟೈಲ್ಸ್ ಕೀಳಬೇಕಾದೀತು.

ಮೀಟರುಗಳನ್ನು ಸಂಘದ ಹೆಸರಿಗೆ ಬದಲಾಯಿಸಿ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ಬಿಲ್ಡರ್ ಮೊದಲೇ ಪಡೆದ ಮುಂಗಡ ನಿರ್ವಹಣಾ ಹಣದ ಖರ್ಚಿನ ಲೆಕ್ಕವನ್ನು ಬರಹದಲ್ಲಿ ಕೇಳಿ.

ಐದು ಮಳೆಗಾಲದ ಲೆಕ್ಕ

ರೇರಾ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ ಅಥವಾ ಕೆಲಸದ ಗುಣಮಟ್ಟದ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಐದು ವರ್ಷವೆಂದರೆ ನಮಗೆ ಐದು ಮಳೆಗಾಲ. ಪ್ರತಿ ಮಳೆಯಲ್ಲೂ ಒದ್ದೆ ಜಾಗದ ಫೋಟೊವನ್ನು ದಿನಾಂಕದೊಂದಿಗೆ ತೆಗೆದಿಡಿ. ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿ. ವಾಟ್ಸ್‌ಆ್ಯಪ್ ಗುಂಪಿನ ಜಗಳ ನೋಟಿಸಿನ ಜಾಗ ತುಂಬುವುದಿಲ್ಲ.

ತಾರಸಿ ಪರೀಕ್ಷೆಗೆ ಫೆಬ್ರುವರಿ-ಮಾರ್ಚ್ ಸರಿಯಾದ ಕಾಲ, ಕಾಫಿ ಅರಳಿಸುವ ಹೂಮಳೆಗೆ ಮುಂಚೆ. ನೀರಿಳಿಯುವ ಬಾಯಿಗಳನ್ನು ಮುಚ್ಚಿ ಎರಡು ಇಂಚು ನೀರು ಕಟ್ಟಿ, 48 ಗಂಟೆ ಬಿಟ್ಟು, ಕೆಳಗಿನ ಮನೆಗಳ ಚಾವಣಿ ನೋಡಿ. ಹೆಚ್ಚಾಗಿ ಸೋರುವುದು ನಡುವೆ ಅಲ್ಲ. ಪ್ಯಾರಪೆಟ್ ಗೋಡೆ ಸೇರುವ ಮೂಲೆಯಲ್ಲಿ, ಪೈಪು ತೂರಿದ ಕಡೆಯಲ್ಲಿ. ಮೇಲೆ ಶೀಟು ಹೊದಿಸಿದ್ದರೆ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಸೀಳಿರುತ್ತದೆ. ಅವನ್ನು ಬದಲಿಸಲು ಕಾಸು, ಬಿಟ್ಟರೆ ಲಕ್ಷ.

ತಡೆಗೋಡೆಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಯಿದು. ಜೋರು ಮಳೆಯಲ್ಲಿ ಗೋಡೆಯ ತೂತುಗಳಿಂದ ನೀರು ಸುರಿಯುತ್ತಿದ್ದರೆ ಒಳ್ಳೆಯದು. ಹಿಂದಿನ ಮಣ್ಣು ನೆನೆದಿದ್ದೂ ನೀರು ಬಾರದಿದ್ದರೆ ತೂತು ಕಟ್ಟಿಕೊಂಡಿದೆ, ನೀರಿನ ಒತ್ತಡ ಪೂರಾ ಗೋಡೆಯ ಮೇಲಿದೆ. ಕೆಂಪು ನೀರು ಬಂದರೆ ಹಿಂದಿನ ಜಲ್ಲಿ ಪದರ ಕೆಟ್ಟು ಮಣ್ಣು ತೊಳೆದುಹೋಗುತ್ತಿದೆಯೆಂದರ್ಥ. ಬಿರುಕು ಕಂಡರೆ ಅದರ ಮೇಲೆ ಅಡ್ಡಲಾಗಿ ತೆಳು ಸಿಮೆಂಟ್ ಪಟ್ಟಿ ಹಚ್ಚಿ ದಿನಾಂಕ ಬರೆಯಿರಿ. ಪಟ್ಟಿ ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಆಗ ಮೇಸ್ತ್ರಿಯನ್ನಲ್ಲ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಮಳೆನೀರಿನ ಪೈಪನ್ನು ಶೌಚಾಲಯದ ಗುಂಡಿಗೆ ಸೇರಿಸಿದ್ದಾರೆಯೇ ಎಂದೂ ನೋಡಿ. ನೆಲವೇ ನೀರು ಕುಡಿದು ತುಂಬಿರುವಾಗ ಇಂಗುಗುಂಡಿ ಹಿಂದಕ್ಕೆ ಉಗುಳುತ್ತದೆ, ಕೆಳಮನೆಯ ಕಮೋಡಿನಲ್ಲಿ ಗೊತ್ತಾಗುತ್ತದೆ. ಸಿಡಿಲು ನಿರೋಧಕದ ಅರ್ಥಿಂಗ್ ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ. ಒದ್ದೆ ಮಣ್ಣಿನಲ್ಲಿ ಕೆಟ್ಟ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ. ಲಿಫ್ಟಿನ ತಳಗುಂಡಿಗೆ ನೀರು ಜಿನುಗುತ್ತಿದೆಯೇ ಎಂದು ಜೂನ್‌ನಿಂದ ವಾರಕ್ಕೊಮ್ಮೆ ಇಣುಕಿದರೆ ಸಾಕು.

ಹಣ

ತಿಂಗಳ ಖರ್ಚು ಬೇರೆ, ಸಿಂಕಿಂಗ್ ಫಂಡ್ (ಮುಂದಿನ ದೊಡ್ಡ ಕೆಲಸಗಳಿಗೆ ಕೂಡಿಡುವ ಹಣ) ಬೇರೆ, ಖಾತೆಯೂ ಬೇರೆಯಿರಲಿ. ಉದಾಹರಣೆಗೆ ಸಮಾನ ಪಾಲಿನ 24 ಮನೆಗಳು ಎಂದುಕೊಳ್ಳಿ. ಐದು ವರ್ಷಕ್ಕೊಮ್ಮೆ 6 ಲಕ್ಷದ ಬಣ್ಣ: ತಿಂಗಳಿಗೆ 10,000. ಆರು ವರ್ಷಕ್ಕೊಮ್ಮೆ 3.6 ಲಕ್ಷದ ವಾಟರ್‌ಪ್ರೂಫಿಂಗ್: 5,000. ಇಪ್ಪತ್ತು ವರ್ಷಕ್ಕೆ 12 ಲಕ್ಷದ ಲಿಫ್ಟ್: 5,000. ಒಟ್ಟು 20,000, ಮನೆಗೆ ಸುಮಾರು 835 ರೂಪಾಯಿ. ನಿಮ್ಮೂರಿನ ಕೊಟೇಶನ್ ಹಾಕಿ ಇದೇ ಲೆಕ್ಕ ಮಾಡಿ, ಬೆಲೆಯೇರಿಕೆಗೆ ವರ್ಷಕ್ಕೊಮ್ಮೆ ತಿದ್ದಿ. ‘ನಾನು ಲಿಫ್ಟೇ ಹತ್ತುವುದಿಲ್ಲ, ಬೀಗ ಹಾಕಿದ ಮನೆ’ ಎಂಬ ವಾದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಬಾಕಿ ಆ ಫ್ಲ್ಯಾಟಿನ ಮೇಲೆಯೇ ಋಣವಾಗಿ ನಿಲ್ಲುತ್ತದೆ.

ಬೀಗ ಹಾಕಿದ ಮನೆಗಳ ಒಂದು ಕೀಲಿ, ಲಕೋಟೆಯಲ್ಲಿ ಮೊಹರು ಮಾಡಿ, ಕಾರ್ಯದರ್ಶಿ ಬಳಿ ಇರಲಿ. ತಿಂಗಳುಗಟ್ಟಲೆ ಖಾಲಿ ಬಿದ್ದ ಮನೆಯ ನಲ್ಲಿ ಕಿತ್ತುಹೋದರೆ ಕೆಳಗಿನ ಮೂರು ಮನೆಗೆ ಮೊದಲು ಗೊತ್ತಾಗುತ್ತದೆ. ಫ್ಲ್ಯಾಟನ್ನು ದಿನಬಾಡಿಗೆಯ ಹೋಂಸ್ಟೇ ಮಾಡಬಹುದೇ ಎಂಬುದನ್ನೂ ಮೊದಲ ಸಭೆಯಲ್ಲೇ ಬೈಲಾಕ್ಕೆ ಸೇರಿಸಿಬಿಡಿ. ಒಬ್ಬರು ವ್ಯವಹಾರ ಶುರುಮಾಡಿ ಪಾರ್ಕಿಂಗಿನಲ್ಲಿ ವಾರಾಂತ್ಯದ ಕಾರು ತುಂಬಿದ ಮೇಲೆ ಆ ನಿಯಮ ಪಾಸಾಗುವುದು ಕಷ್ಟ.